ಮೇನ್‌ಫ್ರೇಮ್ ಗಣಕಗಳ ಟೇಪು ಭಂಡಾರ: ನಿರ್ವಹಣೆ, ಆಧುನೀಕರಣ ಮತ್ತು ಸ್ಮೃತಿಯ ಪ್ರಶ್ನೆ

ಪೀಠಿಕೆ

ಕಾಂತೀಯ ಟೇಪು ಎಂದೊಡನೆ ಜಾನಪದ ವಿದ್ವಾಂಸರಿಗೆ ನೆನಪಾಗುವುದು ಕ್ಷೇತ್ರಕಾರ್ಯದ ಧ್ವನಿಮುದ್ರಣ ಯಂತ್ರ. ಗಾಯಕರ ಎದುರು ಅದನ್ನಿರಿಸಿಕೊಂಡು ರಾತ್ರಿಯಿಡೀ ಕಾವ್ಯವನ್ನು ಮುದ್ರಿಸಿಕೊಂಡ ಸಂಗ್ರಾಹಕರ ಒಂದು ತಲೆಮಾರೇ ಕರ್ನಾಟಕದಲ್ಲಿ ಆಗಿಹೋಗಿದೆ. ಅದೇ ದಶಕಗಳಲ್ಲಿ ಅದೇ ಬಗೆಯ ಟೇಪು ಬ್ಯಾಂಕು, ವಿಮೆ, ಜನಗಣತಿ, ವಿಮಾನಯಾನ ಮೊದಲಾದ ಕ್ಷೇತ್ರಗಳ ಲೆಕ್ಕಪತ್ರಗಳನ್ನು ಹೊತ್ತು ಮೇನ್‌ಫ್ರೇಮ್ ಎಂಬ ಬೃಹತ್ ಗಣಕಗಳ ಪಕ್ಕದಲ್ಲಿ ಸುತ್ತುತ್ತಿತ್ತು. ಎರಡೂ ಕಡೆ ವಸ್ತು ಒಂದೇ: ತೆಳುವಾದ ಪಟ್ಟಿ, ಅದರ ಮೇಲೆ ಕಾಂತೀಯ ಕಣಗಳ ಲೇಪ, ಕಣಗಳನ್ನು ಹಿಡಿದಿಡುವ ಅಂಟು. ಆದರೆ ಅದನ್ನು ಕಾಯ್ದ ರೀತಿ ಒಂದೇ ಆಗಿರಲಿಲ್ಲ. ಮೇನ್‌ಫ್ರೇಮ್ ಜಗತ್ತಿನಲ್ಲಿ ಟೇಪಿನ ನಿರ್ವಹಣೆ ಒಂದು ಶಾಸ್ತ್ರವೇ ಆಗಿ ಬೆಳೆಯಿತು. ಜಾನಪದ ಭಂಡಾರಗಳಲ್ಲಿ ಅದು ಬಹುಮಟ್ಟಿಗೆ ವ್ಯಕ್ತಿಗಳ ಶ್ರದ್ಧೆಯನ್ನೇ ಅವಲಂಬಿಸಿ ಉಳಿಯಿತು.

ಈ ಹಿನ್ನೆಲೆಯಲ್ಲಿ ಮೇನ್‌ಫ್ರೇಮ್ ಟೇಪು ವ್ಯವಸ್ಥೆಯ ರಚನೆ, ನಿರ್ವಹಣೆ ಹಾಗೂ ಆಧುನೀಕರಣದ ಕ್ರಮವನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲಾಗಿದೆ. ಟೇಪನ್ನು ಉಳಿಸುವುದೆಂದರೆ ಪಟ್ಟಿಯನ್ನು ಉಳಿಸುವುದಷ್ಟೇ ಅಲ್ಲ, ಅದರ ಬಗೆಗಿನ ತಿಳಿವನ್ನು ಉಳಿಸುವುದು ಎಂಬುದು ಈ ವಿವೇಚನೆಯ ಕೇಂದ್ರ ಅಂಶ.

ಟೇಪಿನ ಚರಿತ್ರೆ

ಜರ್ಮನಿಯ ಫ್ರಿಟ್ಜ್ ಫ್ಲಾಯ್ಮರ್ 1928ರಲ್ಲಿ ಕಾಂತೀಯ ಪುಡಿ ಲೇಪಿಸಿದ ಪಟ್ಟಿಗೆ ಹಕ್ಕುಸ್ವಾಮ್ಯ ಪಡೆದನು. 1935ರಲ್ಲಿ ಬರ್ಲಿನ್ನಿನ ರೇಡಿಯೊ ಪ್ರದರ್ಶನದಲ್ಲಿ ಎಇಜಿ ಸಂಸ್ಥೆಯ ಮ್ಯಾಗ್ನೆಟೋಫೋನ್ ಸಾರ್ವಜನಿಕರ ಮುಂದೆ ಬಂದಿತು. ಟೇಪು ಹುಟ್ಟಿದ್ದು ಧ್ವನಿಗಾಗಿ ಎಂಬುದು ಗಮನಾರ್ಹ. ಗಣಕಕ್ಕೆ ಅದು ಒದಗಿಬಂದದ್ದು ಅನಂತರದಲ್ಲಿ. 1951ರಲ್ಲಿ ಅಮೆರಿಕದ ಜನಗಣತಿ ಇಲಾಖೆಗೆ ಒಪ್ಪಿಸಲಾದ ಯುನಿವ್ಯಾಕ್ ಗಣಕದಲ್ಲಿ ಅರ್ಧ ಅಂಗುಲ ಅಗಲದ, ನಿಕಲ್ ಲೇಪಿತ ಕಂಚಿನ ಪಟ್ಟಿಯನ್ನು ಬಳಸಲಾಗಿತ್ತು. 1952ರಲ್ಲಿ ಐಬಿಎಂ ಸಂಸ್ಥೆ ಪ್ರಕಟಿಸಿದ 726 ಎಂಬ ಟೇಪುಯಂತ್ರ ಲೋಹದ ಬದಲು ಪ್ಲಾಸ್ಟಿಕ್ ಪಟ್ಟಿಯನ್ನು ಆಶ್ರಯಿಸಿತು. ಅಂಗುಲಕ್ಕೆ 100 ಅಕ್ಷರಗಳಂತೆ ಏಳು ಜಾಡುಗಳಲ್ಲಿ ಬರೆಯುತ್ತಿದ್ದ ಈ ಯಂತ್ರದ ಒಂದು ಸುರುಳಿಯಲ್ಲಿ ಸುಮಾರು 20 ಲಕ್ಷ ಅಂಕಿಗಳು ಹಿಡಿಯುತ್ತಿದ್ದವು. ವೇಗವಾಗಿ ಹೊರಟು ಥಟ್ಟನೆ ನಿಲ್ಲುವಾಗ ತೆಳುವಾದ ಪಟ್ಟಿ ಹರಿಯದಿರಲೆಂದು ಅದನ್ನು ನಿರ್ವಾತ ಕೊಳವೆಯೊಳಗೆ ಸಡಿಲ ಕುಣಿಕೆಯಾಗಿ ಇಳಿಬಿಡುವ ಉಪಾಯವನ್ನು ಇದರಲ್ಲಿಯೇ ಅಳವಡಿಸಲಾಯಿತು.

1964ರ ಏಪ್ರಿಲ್‌ನಲ್ಲಿ ಸಿಸ್ಟಂ 360 ಗಣಕಮಾಲೆಯೊಂದಿಗೆ ಒಂಬತ್ತು ಜಾಡುಗಳ ಟೇಪು ರೂಢಿಗೆ ಬಂದಿತು. 1984ರಲ್ಲಿ ಬಂದ 3480 ವ್ಯವಸ್ಥೆ ದೊಡ್ಡ ಸುರುಳಿಯನ್ನು ಕೈಬಿಟ್ಟು, ಅಂಗೈಯಗಲದ ಚೌಕಾಕಾರದ ಕಾರ್ಟ್ರಿಜ್‌ನೊಳಗೆ 200 ಮೆಗಾಬೈಟ್ ದತ್ತಾಂಶವನ್ನು ತುಂಬಿತು. 2000ದಲ್ಲಿ ಮಾರುಕಟ್ಟೆಗೆ ಬಂದ ಎಲ್‌ಟಿಒ ಮಾದರಿಯ ಮೊದಲ ಕಾರ್ಟ್ರಿಜ್ 100 ಗಿಗಾಬೈಟ್ ಹಿಡಿದರೆ, 2021ರ ಒಂಬತ್ತನೆಯ ಪೀಳಿಗೆ 18 ಟೆರಾಬೈಟ್ ಹಿಡಿಯುತ್ತದೆ. 2023ರಲ್ಲಿ ಪ್ರಕಟವಾದ ಐಬಿಎಂ ಟಿಎಸ್1170 ಯಂತ್ರದ ಒಂದು ಕಾರ್ಟ್ರಿಜ್‌ನ ಸಾಮರ್ಥ್ಯ, ಸಂಕೋಚನವಿಲ್ಲದೆ, 50 ಟೆರಾಬೈಟ್. ಟೇಪು ಸತ್ತುಹೋದ ತಂತ್ರಜ್ಞಾನ ಎಂಬ ಸಾಮಾನ್ಯ ನಂಬಿಕೆಯನ್ನು ಈ ಅಂಕಿಗಳು ಸಮರ್ಥಿಸುವುದಿಲ್ಲ.

ಟೇಪಿನ ಒಳರಚನೆ

ಟೇಪಿನ ಮೂಲಗುಣ ಅನುಕ್ರಮ. ಪುಸ್ತಕದಂತೆ ಬೇಕಾದ ಪುಟವನ್ನು ತೆರೆಯಲು ಅದರಲ್ಲಿ ಸಾಧ್ಯವಿಲ್ಲ. ಬೇಕಾದ ಸ್ಥಳಕ್ಕೆ ಪಟ್ಟಿ ಸುತ್ತಿಯೇ ತಲುಪಬೇಕು. ಸುರುಳಿ ಟೇಪಿನಲ್ಲಿ ದತ್ತಾಂಶವನ್ನು ತುಂಡುತುಂಡಾಗಿ ಬರೆದು, ಯಂತ್ರ ನಿಂತು ಹೊರಡಲು ಅನುಕೂಲವಾಗುವಂತೆ ನಡುವೆ ಖಾಲಿ ಜಾಗ ಬಿಡಲಾಗುತ್ತಿತ್ತು. ಅಂಗುಲಕ್ಕೆ 1600 ಅಕ್ಷರಗಳ ಟೇಪಿನಲ್ಲಿ ಈ ಖಾಲಿ ಜಾಗ ಸುಮಾರು 0.6 ಅಂಗುಲ. ರಂಧ್ರಪತ್ರದ ಅಳತೆಯ 80 ಅಕ್ಷರಗಳ ಒಂದು ದಾಖಲೆಯನ್ನು ಹೀಗೆ ಬರೆದರೆ ಅದು ಆಕ್ರಮಿಸುವುದು 0.05 ಅಂಗುಲ ಮಾತ್ರ; ಅಂದರೆ ಟೇಪಿನ ಶೇಕಡಾ 8ರಷ್ಟು ಭಾಗ ಬಳಕೆಯಾಗಿ ಉಳಿದದ್ದು ಬರಿದಾಗುತ್ತದೆ. ಅದೇ 100 ದಾಖಲೆಗಳನ್ನು ಒಂದು ತುಂಡಾಗಿ ಕಟ್ಟಿದರೆ ಅವು 5 ಅಂಗುಲ ಆಕ್ರಮಿಸಿ, ಶೇಕಡಾ 89ರಷ್ಟು ಭಾಗ ಬಳಕೆಯಾಗುತ್ತದೆ. ಹೀಗೆ ದಾಖಲೆಗಳನ್ನು ಕಟ್ಟುವ ಅಳತೆ ಟೇಪು ನಿರ್ವಹಣೆಯ ಮೊದಲ ಪಾಠವಾಯಿತು.

ಎರಡನೆಯ ಪಾಠ ಲೇಬಲ್‌ಗೆ ಸಂಬಂಧಿಸಿದ್ದು. ಐಬಿಎಂ ಮೇನ್‌ಫ್ರೇಮ್‌ಗಳ ಟೇಪಿಗೆ ಹೊರಗೆ ಅಂಟಿಸಿದ ಚೀಟಿಯ ಜೊತೆಗೆ ಪಟ್ಟಿಯ ಮೇಲೆಯೇ ಬರೆದ ಆಂತರಿಕ ಲೇಬಲ್ ಕೂಡ ಇರುತ್ತದೆ. ಟೇಪಿನ ಆರಂಭದಲ್ಲಿ ಸಂಪುಟದ ಲೇಬಲ್. ಅದರಲ್ಲಿ ಆರು ಅಕ್ಷರಗಳ ಸಂಪುಟ ಸಂಖ್ಯೆ. ಅನಂತರ ಕಡತದ ಶಿರೋಲೇಬಲ್. ಅದರಲ್ಲಿ ಕಡತದ ಹೆಸರು, ರಚನೆಯಾದ ದಿನ, ಅವಧಿ ಮುಗಿಯುವ ದಿನ, ದಾಖಲೆಗಳ ಅಳತೆ. ಕಡತದ ಕೊನೆಯಲ್ಲಿ ಅಂತ್ಯಲೇಬಲ್. ಅದರಲ್ಲಿ ಎಷ್ಟು ತುಂಡುಗಳನ್ನು ಬರೆಯಲಾಗಿದೆ ಎಂಬ ಎಣಿಕೆ. ಓದಿದಾಗ ಎಣಿಕೆ ತಾಳೆಯಾಗದಿದ್ದರೆ ಏನೋ ಕಳೆದಿದೆ ಎಂಬುದು ಆಗಲೇ ಗೊತ್ತಾಗುತ್ತದೆ. ತಾಡವೋಲೆಯ ಪ್ರತಿಕಾರನು ಕೃತಿಯ ಕೊನೆಯಲ್ಲಿ ತನ್ನ ಹೆಸರು, ಪ್ರತಿ ಮುಗಿಸಿದ ತಿಥಿಗಳನ್ನು ನಮೂದಿಸುತ್ತಿದ್ದ ಪದ್ಧತಿಯನ್ನು ಬಲ್ಲವರಿಗೆ ಈ ಕ್ರಮ ಅಪರಿಚಿತವೆನಿಸದು. ವಸ್ತುವಿನ ಗುರುತು ವಸ್ತುವಿನಲ್ಲಿಯೇ ಇರಬೇಕು ಎಂಬುದು ಎರಡರ ಹಿಂದಿನ ತತ್ತ್ವ.

ನಿರ್ವಹಣೆಯ ಕ್ರಮ

ದೊಡ್ಡ ಗಣಕ ಕೇಂದ್ರಗಳಲ್ಲಿ ಸಾವಿರಾರು ಟೇಪುಗಳಿರುತ್ತಿದ್ದವು. ಅವುಗಳನ್ನು ಕಾಯುವ ಸಿಬ್ಬಂದಿಯನ್ನು ಟೇಪು ಗ್ರಂಥಪಾಲಕರೆಂದೂ ಟೇಪುಗಳನ್ನಿಟ್ಟ ಕೋಣೆಯನ್ನು ಗ್ರಂಥಾಲಯವೆಂದೂ ಕರೆಯುತ್ತಿದ್ದುದು ಅರ್ಥಪೂರ್ಣವಾಗಿದೆ. ಗಣಕವು ತೆರೆಯ ಮೇಲೆ ಸಂಪುಟ ಸಂಖ್ಯೆಯನ್ನು ಕೇಳಿದೊಡನೆ ಸಹಾಯಕನು ಕಪಾಟಿನಿಂದ ಅದನ್ನು ತಂದು ಯಂತ್ರಕ್ಕೆ ಏರಿಸಬೇಕಾಗಿತ್ತು. ಸುರುಳಿಯ ಹಿಂಬದಿಯಲ್ಲಿ ಪ್ಲಾಸ್ಟಿಕ್ ಬಳೆಯೊಂದು ಇದ್ದರೆ ಮಾತ್ರ ಅದರ ಮೇಲೆ ಬರೆಯಲು ಸಾಧ್ಯ; ಬಳೆ ತೆಗೆದ ಟೇಪನ್ನು ಓದಬಹುದೇ ಹೊರತು ಅಳಿಸಲಾಗದು.

ಈ ಕೆಲಸದ ಬೆನ್ನೆಲುಬು ಎರಡು ಬಗೆಯ ಸೂಚಿಗಳು. ಮೊದಲನೆಯದು ಯಾವ ಕಡತ ಯಾವ ಸಂಪುಟದಲ್ಲಿದೆ ಎಂದು ಹೇಳುವ ಗಣಕದ ಕ್ಯಾಟಲಾಗ್. ಎರಡನೆಯದು ಪ್ರತಿ ಸಂಪುಟದ ಜೀವನಚರಿತ್ರೆಯನ್ನು ಹೇಳುವ ಟೇಪು ನಿರ್ವಹಣಾ ತಂತ್ರಾಂಶದ ದಾಖಲೆ: ಅದು ಎಂದು ಬಳಕೆಗೆ ಬಂತು, ಯಾವ ಕ್ರಮವಿಧಿ ಅದರ ಮೇಲೆ ಬರೆಯಿತು, ಈಗ ಎಲ್ಲಿದೆ, ಎಂದು ಬಿಡುಗಡೆಯಾಗಬೇಕು. ಸಿಎ-1, ಐಬಿಎಂನ ಡಿಎಫ್‌ಎಸ್‌ಎಂಎಸ್‌ಆರ್‌ಎಂಎಂ ಮೊದಲಾದವು ಈ ಬಗೆಯ ತಂತ್ರಾಂಶಗಳು. ಅವಧಿ ಮುಗಿದ ಟೇಪನ್ನು ಮರುಬಳಕೆಯ ರಾಶಿಗೆ ಸೇರಿಸುವುದು, ಮುಖ್ಯವಾದವುಗಳ ಪ್ರತಿಯನ್ನು ದೂರದ ಇನ್ನೊಂದು ಕಟ್ಟಡಕ್ಕೆ ಕಳುಹಿಸುವುದು, ಅಲ್ಲಿಂದ ಮರಳಿ ತರಿಸುವುದು, ಇವೆಲ್ಲವೂ ಈ ದಾಖಲೆಯ ಆಧಾರದಲ್ಲಿಯೇ ನಡೆಯುತ್ತವೆ.

ಕಡತಗಳನ್ನು ತಲೆಮಾರುಗಳಾಗಿ ಕಾಯುವ ಪದ್ಧತಿ ಇಲ್ಲಿ ವಿಶೇಷವಾಗಿ ಉಲ್ಲೇಖನೀಯ. ನಿನ್ನೆಯ ಮುಖ್ಯ ಕಡತಕ್ಕೆ ಇಂದಿನ ವ್ಯವಹಾರಗಳನ್ನು ಸೇರಿಸಿದಾಗ ಹೊಸ ಕಡತ ಹುಟ್ಟುತ್ತದೆ. ಹಳೆಯದನ್ನು ತಿದ್ದುವುದಿಲ್ಲ, ಹಾಗೆಯೇ ಇಟ್ಟುಕೊಳ್ಳುತ್ತಾರೆ. ಹೊಸದು ಮಗ, ಹಿಂದಿನದು ತಂದೆ, ಅದರ ಹಿಂದಿನದು ತಾತ. ಮಗ ಹಾಳಾದರೆ ತಂದೆಯಿಂದಲೂ, ತಂದೆಯೂ ಹಾಳಾದರೆ ತಾತನಿಂದಲೂ ಮತ್ತೆ ಕಟ್ಟಿಕೊಳ್ಳಬಹುದು. ಮೇನ್‌ಫ್ರೇಮ್‌ನಲ್ಲಿ ಇಂಥ ಒಂದು ವಂಶದಲ್ಲಿ ಬಹುಕಾಲ 255 ತಲೆಮಾರುಗಳವರೆಗೆ ಇಡಲು ಅವಕಾಶವಿತ್ತು. 2015ರ ಅನಂತರದ ವ್ಯವಸ್ಥೆಯಲ್ಲಿ ಅದನ್ನು 999ಕ್ಕೆ ಏರಿಸಲಾಗಿದೆ. ಮಿತಿ ತುಂಬಿದಾಗ ಹೊಸ ತಲೆಮಾರು ಬಂದೊಡನೆ ಅತ್ಯಂತ ಹಿರಿಯ ತಲೆಮಾರು ಪಟ್ಟಿಯಿಂದ ಹೊರಬೀಳುತ್ತದೆ. ಕರ್ನಾಟಕದಲ್ಲಿ ಮನೆತನಗಳ ವಂಶಾವಳಿಯನ್ನು ಹೇಳುವ ಹೆಳವರ ವೃತ್ತಿಯನ್ನು ಇದರೊಡನೆ ಹೋಲಿಸಿ ನೋಡಬಹುದು. ಹೆಳವರು ಹೊಸ ಹೆಸರನ್ನು ಸೇರಿಸುವುದು ಹಿರಿಯರ ಹೆಸರನ್ನು ಬಿಡುವುದಕ್ಕಾಗಿ ಅಲ್ಲ. ಗಣಕದ ವಂಶಾವಳಿ ಚೇತರಿಕೆಗಾಗಿ ಇರುವಂಥದ್ದು, ಹೆಳವರದು ಸ್ಮರಣೆಗಾಗಿ ಇರುವಂಥದ್ದು. ಈ ವ್ಯತ್ಯಾಸವನ್ನು ಮರೆತು ಚೇತರಿಕೆಯ ಪ್ರತಿಯನ್ನೇ ಭಂಡಾರವೆಂದು ಭಾವಿಸಿದಾಗ ಅನಾಹುತವಾಗುತ್ತದೆ.

ಅಳಿಸುವ ನಿರ್ಣಯ

ಟೇಪು ಮರುಬಳಕೆಯಾಗಬಲ್ಲ ವಸ್ತು. ಅದರ ಆರ್ಥಿಕ ಲಾಭ ಅದೇ, ಅಪಾಯವೂ ಅದೇ. 1969ರ ಜುಲೈನಲ್ಲಿ ಅಪೊಲೊ 11ರ ಯಾತ್ರಿಕರು ಚಂದ್ರನ ಮೇಲೆ ನಡೆದಾಗ ಅಲ್ಲಿಂದ ಬಂದ ಮೂಲ ದೂರದರ್ಶನ ಸಂಕೇತಗಳನ್ನು ನಾಸಾ ಸಂಸ್ಥೆಯ ಭೂಕೇಂದ್ರಗಳು ಹದಿನಾಲ್ಕು ಜಾಡುಗಳ ದತ್ತಾಂಶ ಟೇಪುಗಳ ಮೇಲೆ ಮುದ್ರಿಸಿಕೊಂಡಿದ್ದವು. ಜಗತ್ತು ನೋಡಿದ್ದು ಅವುಗಳಿಂದ ಪರಿವರ್ತಿಸಿದ, ಗುಣಮಟ್ಟ ಕುಗ್ಗಿದ ಚಿತ್ರವನ್ನು. ಮೂಲ ಟೇಪುಗಳಿಗಾಗಿ ನಡೆಸಿದ ದೀರ್ಘ ಶೋಧದ ಕೊನೆಯಲ್ಲಿ, ಟೇಪಿನ ಅಭಾವವಿದ್ದ ಕಾಲದಲ್ಲಿ ಅವುಗಳನ್ನು ಅಳಿಸಿ ಮರುಬಳಕೆ ಮಾಡಿರಬೇಕು ಎಂಬ ತೀರ್ಮಾನವನ್ನು 2009ರಲ್ಲಿ ಪ್ರಕಟಿಸಲಾಯಿತು. ಅವು ಮೇನ್‌ಫ್ರೇಮ್ ಕಡತಗಳಲ್ಲ; ಆದರೆ ಪಾಠ ಒಂದೇ. ಅಲ್ಲಿ ಕಳ್ಳತನವಾಗಲಿಲ್ಲ, ಬೆಂಕಿ ಬೀಳಲಿಲ್ಲ. ಇವು ಬೇರೆಯವು ಎಂದು ಹೇಳುವ ಗುರುತು ದಾಖಲೆಯಲ್ಲಿ ಇಲ್ಲದ್ದರಿಂದ ವಾಡಿಕೆಯ ಕೆಲಸವೇ ನಾಶಕ್ಕೆ ದಾರಿಯಾಯಿತು.

ಗುರುತು ಇದ್ದೂ ತೊಡಕಾದ ಉದಾಹರಣೆ ಮೇನ್‌ಫ್ರೇಮ್ ಜಗತ್ತಿನಲ್ಲಿಯೇ ಇದೆ. ಅವಧಿ ಮುಗಿಯುವ ದಿನವನ್ನು ವರ್ಷದ ಎರಡು ಅಂಕಿ, ದಿನದ ಮೂರು ಅಂಕಿಗಳಲ್ಲಿ ಬರೆಯುವ ಕಾಲದಲ್ಲಿ 99365 ಎಂದು ಬರೆದರೆ ಎಂದೆಂದಿಗೂ ಅಳಿಸಬಾರದು ಎಂಬ ಅರ್ಥ ರೂಢಿಯಾಯಿತು. ಆದರೆ ಆ ಅಂಕಿಗಳು ಸೂಚಿಸುವುದು 1999ರ ಡಿಸೆಂಬರ್ 31ನ್ನು. ದೂರದ ಭವಿಷ್ಯವೆಂದು ಭಾವಿಸಿದ್ದ ದಿನ ಹತ್ತಿರ ಬಂದಾಗ, ಸಂಕೇತವಾಗಿದ್ದುದನ್ನು ನಿಜವಾದ ದಿನಾಂಕವೆಂದು ಓದುವ ಭೀತಿ ಎದುರಾಯಿತು. ಗಣಕ ಕೇಂದ್ರಗಳು ತಮ್ಮ ನಿಯಮಗಳನ್ನು ಪರಿಶೀಲಿಸಿ ತಿದ್ದಿಕೊಳ್ಳಬೇಕಾಯಿತು. ಶಾಶ್ವತ ಎಂಬ ಆಶಯವನ್ನು ಎಲ್ಲಿ, ಯಾವ ಭಾಷೆಯಲ್ಲಿ ಬರೆಯಲಾಗಿದೆ ಎಂಬುದು ಎಷ್ಟು ಮುಖ್ಯವೆಂದು ಇದರಿಂದ ಸ್ಪಷ್ಟವಾಗುತ್ತದೆ.

ಯಂತ್ರಹಸ್ತ ಮತ್ತು ಮಿಥ್ಯಾಟೇಪು

ಆಧುನೀಕರಣದ ಮೊದಲ ಹಂತ ಮನುಷ್ಯನ ಕೈಯ ಬದಲು ಯಂತ್ರದ ಕೈ. 1987ರಲ್ಲಿ ಸ್ಟೋರೇಜ್‌ಟೆಕ್ ಸಂಸ್ಥೆ ಪರಿಚಯಿಸಿದ ಸ್ವಯಂಚಾಲಿತ ಭಂಡಾರದಲ್ಲಿ ಕಣಜದಂಥ ಒಂದು ಕೋಶದೊಳಗೆ ಸುಮಾರು 6000 ಕಾರ್ಟ್ರಿಜ್‌ಗಳನ್ನು ಗೋಡೆಗಳುದ್ದಕ್ಕೂ ಜೋಡಿಸಿ, ನಡುವೆ ತಿರುಗುವ ಯಂತ್ರಹಸ್ತವು ಪಟ್ಟೆಸಂಕೇತವನ್ನು ಓದಿ ಬೇಕಾದುದನ್ನು ಡ್ರೈವ್‌ಗೆ ಏರಿಸುತ್ತಿತ್ತು. ತಪ್ಪು ಟೇಪನ್ನು ಏರಿಸುವ ಮಾನವದೋಷ ಇದರಿಂದ ಬಹಳಷ್ಟು ಕಡಿಮೆಯಾಯಿತು.

ಎರಡನೆಯ ಹಂತಕ್ಕೆ ಕಾರಣವಾದದ್ದು ಸಾಮರ್ಥ್ಯದ ಹೆಚ್ಚಳವೇ. ಹಳೆಯ ಕ್ರಮವಿಧಿಗಳು ಒಂದು ಟೇಪಿಗೆ ಒಂದು ಚಿಕ್ಕ ಕಡತವನ್ನು ಬರೆದು ಬಿಡುತ್ತಿದ್ದವು. ಕಾರ್ಟ್ರಿಜ್ ದೊಡ್ಡದಾದಷ್ಟೂ ಅದರ ಬಹುಭಾಗ ಖಾಲಿ ಉಳಿಯತೊಡಗಿತು. ಹಲವು ದಶಕಗಳ ಆ ಕ್ರಮವಿಧಿಗಳನ್ನು ತಿದ್ದುವುದು ದುಬಾರಿ ಮಾತ್ರವಲ್ಲ, ಅಪಾಯಕಾರಿಯೂ ಹೌದು. 1997ರಲ್ಲಿ ಬಳಕೆಗೆ ಬಂದ ಐಬಿಎಂನ ಮಿಥ್ಯಾಟೇಪು ವ್ಯವಸ್ಥೆ ಇದಕ್ಕೆ ಜಾಣ ಪರಿಹಾರವನ್ನು ಒದಗಿಸಿತು. ಕ್ರಮವಿಧಿಯು ಎಂದಿನಂತೆ ಟೇಪನ್ನು ಕೇಳುತ್ತದೆ. ವ್ಯವಸ್ಥೆಯು ಟೇಪು ಏರಿತೆಂದು ಉತ್ತರಿಸುತ್ತದೆ. ವಾಸ್ತವದಲ್ಲಿ ಬರವಣಿಗೆ ಡಿಸ್ಕ್‌ನ ಮೇಲೆ ನಡೆಯುತ್ತದೆ. ಇಂಥ ನೂರಾರು ಮಿಥ್ಯಾ ಸಂಪುಟಗಳನ್ನು ಹಿಂದಿನಿಂದ ಒಂದೇ ದೊಡ್ಡ ಕಾರ್ಟ್ರಿಜ್‌ಗೆ ಪೇರಿಸಲಾಗುತ್ತದೆ. 2006ರಲ್ಲಿ ಬಂದ ಟಿಎಸ್7700 ಮಾಲೆಯಲ್ಲಿ ಇಂಥ ವ್ಯವಸ್ಥೆಗಳನ್ನು ದೂರದೂರದ ಊರುಗಳಲ್ಲಿರಿಸಿ ಒಂದರ ಪ್ರತಿಯನ್ನು ಇನ್ನೊಂದಕ್ಕೆ ತಾನಾಗಿಯೇ ರವಾನಿಸುವ ಏರ್ಪಾಡಿದೆ. 2008ರಿಂದ ನಿಜವಾದ ಟೇಪೇ ಇಲ್ಲದ ರೂಪವೂ ದೊರೆಯಿತು.

ಮೂಲ ಸಂದರ್ಭ ಕಳೆದುಹೋದ ಮೇಲೂ ಆಚರಣೆ ಮುಂದುವರಿಯುವುದನ್ನು ಜಾನಪದ ಶಾಸ್ತ್ರವು ಅವಶೇಷವೆಂದು ಗುರುತಿಸುತ್ತದೆ. ಟೇಪಿಲ್ಲದ ಕೋಣೆಯಲ್ಲಿ ಟೇಪನ್ನು ಏರಿಸು ಎಂದು ಗಣಕ ಕೇಳುವುದು ಅಂಥ ಒಂದು ಅವಶೇಷ. ಆದರೆ ಅದು ನಿರರ್ಥಕವಲ್ಲ. ಆ ಮಾತಿನ ಮೇಲೆ ನಿಂತ ಸಂಬಳ, ಪಿಂಚಣಿ, ಠೇವಣಿಗಳ ಲೆಕ್ಕ ಕೆಡದಂತೆ ಅದು ಕಾಯುತ್ತಿದೆ.

ಸ್ಥಳಾಂತರದ ವಿಧಾನ

ಹಳೆಯ ಟೇಪಿನಿಂದ ಹೊಸ ವ್ಯವಸ್ಥೆಗೆ ಸಾಗುವ ಕೆಲಸ ನಕಲು ತೆಗೆಯುವಷ್ಟು ಸರಳವಲ್ಲ. ಅನುಭವಿ ಕೇಂದ್ರಗಳು ಅನುಸರಿಸುವ ಕ್ರಮವನ್ನು ಸಂಗ್ರಹವಾಗಿ ಹೀಗೆ ಹೇಳಬಹುದು.

ಮೊದಲನೆಯದಾಗಿ, ಕ್ಯಾಟಲಾಗ್, ನಿರ್ವಹಣಾ ದಾಖಲೆ ಮತ್ತು ಕಪಾಟು ಈ ಮೂರನ್ನೂ ಒಂದಕ್ಕೊಂದು ತಾಳೆ ನೋಡಬೇಕು. ದಾಖಲೆಯಲ್ಲಿದ್ದು ಕಪಾಟಿನಲ್ಲಿಲ್ಲದ, ಕಪಾಟಿನಲ್ಲಿದ್ದು ದಾಖಲೆಯಲ್ಲಿಲ್ಲದ ಟೇಪುಗಳು ಈ ಹಂತದಲ್ಲಿ ಹೊರಬೀಳುತ್ತವೆ. ಎರಡನೆಯದಾಗಿ, ಯಾವುದನ್ನು ಒಯ್ಯಬೇಕು ಎಂಬುದನ್ನು ಕಡತದ ಒಡೆಯರು ನಿರ್ಧರಿಸಬೇಕು, ತಂತ್ರಜ್ಞರಷ್ಟೇ ನಿರ್ಧರಿಸುವಂತಿಲ್ಲ. ಮೂರನೆಯದಾಗಿ, ನಕಲು ಮಾಡುವಾಗ ಮೂಲದ ರಚನಾ ದಿನಾಂಕ, ಅವಧಿ, ಕಡತಗಳ ಅನುಕ್ರಮಗಳನ್ನು ಉಳಿಸಿಕೊಳ್ಳಬೇಕು. ಒಂದೇ ಕಡತ ಹಲವು ಸಂಪುಟಗಳಲ್ಲಿ ಹಂಚಿಹೋಗಿದ್ದರೆ ಅವೆಲ್ಲವನ್ನೂ ಒಟ್ಟಿಗೇ ಸಾಗಿಸಬೇಕು. ನಾಲ್ಕನೆಯದಾಗಿ, ತುಂಡುಗಳ ಎಣಿಕೆ ತಾಳೆಯಾದ ಮೇಲೆಯೇ ಸೂಚಿಯನ್ನು ಬದಲಿಸಬೇಕು. ಐದನೆಯದಾಗಿ, ಹೊಸ ಪ್ರತಿಯಿಂದ ನಿಜವಾಗಿಯೂ ಕೆಲಸ ನಡೆಸಿ ನೋಡುವವರೆಗೆ ಹಳೆಯ ಟೇಪನ್ನೂ ಅದನ್ನು ಓದುವ ಯಂತ್ರವನ್ನೂ ವಿಲೇವಾರಿ ಮಾಡಬಾರದು.

ಇದರೊಡನೆ ಲಿಪಿಯ ಪ್ರಶ್ನೆಯೂ ಇದೆ. ಐಬಿಎಂ ಮೇನ್‌ಫ್ರೇಮ್‌ಗಳು ಅಕ್ಷರಗಳನ್ನು ಎಬ್ಸಿಡಿಕ್ ಎಂಬ ಸಂಕೇತದಲ್ಲಿ ಬರೆಯುತ್ತವೆ. ರೋಮನ್ ವರ್ಣಮಾಲೆಯ ಮೊದಲ ದೊಡ್ಡಕ್ಷರಕ್ಕೆ ಅಲ್ಲಿ 193, ಇತರ ಗಣಕಗಳ ಆಸ್ಕಿ ಸಂಕೇತದಲ್ಲಿ 65. ಸಂಖ್ಯೆಗಳನ್ನು ಒತ್ತಾಗಿ ಕಟ್ಟುವ ಪ್ರತ್ಯೇಕ ಪದ್ಧತಿಯೂ ಉಂಟು. ದಾಖಲೆಯ ವಿನ್ಯಾಸವನ್ನು ವಿವರಿಸುವ ಕೀಲಿಪತ್ರ ಕಳೆದುಹೋದರೆ ಟೇಪಿನ ಪ್ರತಿ ಬಿಟ್ ಸುರಕ್ಷಿತವಾಗಿದ್ದರೂ ಅದು ಅರ್ಥವಾಗದ ಶಾಸನವಾಗುತ್ತದೆ. 2006ರ ಅನಂತರ ಟೇಪು ಡ್ರೈವ್‌ಗಳಲ್ಲಿಯೇ ಬಂದ ಗೂಢಲಿಪೀಕರಣಕ್ಕೂ ಈ ಮಾತು ಅನ್ವಯಿಸುತ್ತದೆ: ಕೀಲಿ ಕಳೆದರೆ ಕಡತ ಅಳಿಸಿದಂತೆಯೇ.

ಇಷ್ಟೆಲ್ಲದರ ನಡುವೆಯೂ ಟೇಪು ಉಳಿದಿರುವುದಕ್ಕೆ ಕಾರಣಗಳಿವೆ. ಕಪಾಟಿನಲ್ಲಿರುವ ಟೇಪಿಗೆ ವಿದ್ಯುತ್ ಬೇಡ. ಜಾಲದಿಂದ ಬೇರ್ಪಟ್ಟ ಟೇಪನ್ನು ದೂರದ ದಾಳಿಕೋರ ತಲುಪಲಾರ. 2011ರ ಫೆಬ್ರವರಿಯಲ್ಲಿ ತಂತ್ರಾಂಶ ದೋಷದಿಂದ ಕೆಲವು ಜಿಮೇಲ್ ಬಳಕೆದಾರರ ಪತ್ರಗಳು ಡಿಸ್ಕ್‌ಗಳ ಹಲವು ಪ್ರತಿಗಳಿಂದ ಒಮ್ಮೆಗೇ ಮರೆಯಾದಾಗ ಗೂಗಲ್ ಸಂಸ್ಥೆ ಅವುಗಳನ್ನು ಮರಳಿ ಪಡೆದದ್ದು ಟೇಪಿನಿಂದ.

ಓದುವ ಯಂತ್ರದ ಅಳಿವು

ಟೇಪಿಗೆ ಎರಡು ಮರಣಗಳಿವೆ. ಒಂದು ದೈಹಿಕ. 1970-80ರ ದಶಕಗಳ ಹಲವು ಟೇಪುಗಳಲ್ಲಿ ಬಳಸಿದ ಪಾಲಿಯುರಿಥೇನ್ ಅಂಟು ಗಾಳಿಯ ತೇವವನ್ನು ಹೀರಿ ಕರಗುತ್ತದೆ. ಸುತ್ತುವಾಗ ಲೇಪ ಜಿಗುಟಾಗಿ ಕಿತ್ತು ಯಂತ್ರಕ್ಕೆ ಮೆತ್ತಿಕೊಳ್ಳುತ್ತದೆ. ಅಂಥವನ್ನು ಹದವಾದ ಶಾಖದಲ್ಲಿ ಗಂಟೆಗಟ್ಟಲೆ ಇರಿಸಿ, ತಾತ್ಕಾಲಿಕವಾಗಿ ಸರಿಪಡಿಸಿ ನಕಲು ಮಾಡಿಕೊಳ್ಳುತ್ತಾರೆ. ಮಳೆಗಾಲ ದೀರ್ಘವಾಗಿರುವ ಕರಾವಳಿ, ಮಲೆನಾಡುಗಳಲ್ಲಿ ತೇವದ ಈ ಅಪಾಯ ಸಹಜವಾಗಿಯೇ ಹೆಚ್ಚು.

ಎರಡನೆಯ ಮರಣ ಓದುವ ಯಂತ್ರದ್ದು. 1966-67ರಲ್ಲಿ ಚಂದ್ರನ ಚಿತ್ರಗಳನ್ನು ಕಳುಹಿಸಿದ ಲೂನಾರ್ ಆರ್ಬಿಟರ್ ನೌಕೆಗಳ ಸುಮಾರು 1500 ಟೇಪುಗಳು ಉಳಿದಿದ್ದವು. ಆದರೆ ಅವುಗಳನ್ನು ಓದಬಲ್ಲ ಆಂಪೆಕ್ಸ್ ಯಂತ್ರಗಳು ಕೆಟ್ಟು ಮೂಲೆಗುಂಪಾಗಿದ್ದವು. 2008ರಲ್ಲಿ ಆ ಯಂತ್ರಗಳನ್ನು ದುರಸ್ತಿಗೊಳಿಸಿದ ಮೇಲೆಯೇ ಚಿತ್ರಗಳು ಮತ್ತೆ ಕಾಣಿಸಿದವು. ಎಲ್‌ಟಿಒ ಡ್ರೈವ್‌ಗಳು ಏಳನೆಯ ಪೀಳಿಗೆಯವರೆಗೆ ಹಿಂದಿನ ಎರಡು ಪೀಳಿಗೆಗಳನ್ನು ಓದುತ್ತಿದ್ದವು. ಎಂಟನೆಯದರಿಂದ ಆ ಸೌಲಭ್ಯ ಕಡಿಮೆಯಾಯಿತು. 2025ರ ಹತ್ತನೆಯ ಪೀಳಿಗೆಯ ಡ್ರೈವ್ ಹಿಂದಿನ ಯಾವುದನ್ನೂ ಓದುವುದಿಲ್ಲ. ಭಾರತಕ್ಕೆ ಈ ಅನುಭವ ಬೇರೊಂದು ರೀತಿಯಲ್ಲಿ ಹಿಂದೆಯೇ ಆಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಗಣಕ ಕೇಂದ್ರದಲ್ಲಿ 1970ರ ದಶಕದಲ್ಲಿ ಇದ್ದದ್ದು ಐಬಿಎಂ 360 ಮಾಲೆಯ ಗಣಕ. 1978ರಲ್ಲಿ ಐಬಿಎಂ ಭಾರತವನ್ನು ತೊರೆದಾಗ ದೇಶದ ಐಬಿಎಂ ಗಣಕಗಳ ಪೋಷಣೆಯನ್ನು ಸಿಎಂಸಿ ಎಂಬ ಸರ್ಕಾರಿ ಸಂಸ್ಥೆ ವಹಿಸಿಕೊಳ್ಳಬೇಕಾಯಿತು. ಯಂತ್ರವನ್ನು ಬಲ್ಲವರು ಇಲ್ಲದೆ ದಾಖಲೆ ಬದುಕಲಾರದು.

ಜಾನಪದ ಭಂಡಾರಗಳಿಗೆ ಇದರ ಪ್ರಸ್ತುತತೆ

ಧ್ವನಿ ಮತ್ತು ದೃಶ್ಯ ಟೇಪುಗಳನ್ನು ಕುರಿತು ಯುನೆಸ್ಕೊ ಹಾಗೂ ಅಂತರರಾಷ್ಟ್ರೀಯ ಧ್ವನಿ-ದೃಶ್ಯ ಭಂಡಾರಗಳ ಸಂಘ 2019ರಲ್ಲಿ ಜಂಟಿಯಾಗಿ ಎಚ್ಚರಿಕೆ ನೀಡಿದವು. ಓದುವ ಯಂತ್ರಗಳು, ಬಿಡಿಭಾಗಗಳು, ಬಲ್ಲ ತಂತ್ರಜ್ಞರು ದೊರೆಯುವ ಕಾಲ 2025ರ ವೇಳೆಗೆ ಬಹುಮಟ್ಟಿಗೆ ಮುಗಿಯುವುದೆಂದು ಅಲ್ಲಿ ಅಂದಾಜಿಸಲಾಗಿತ್ತು. ಆ ಗಡುವು ಈಗ ಬಂದು ಮುಟ್ಟಿದೆ.

1990ರ ಡಿಸೆಂಬರ್‌ನಲ್ಲಿ ಗೋಪಾಲ ನಾಯ್ಕರು ಹಾಡಿದ ತುಳುವಿನ ಸಿರಿ ಕಾವ್ಯವನ್ನು ಲೌರಿ ಹಾಂಕೊ, ವಿವೇಕ ರೈ, ಚಿನ್ನಪ್ಪ ಗೌಡ ಮೊದಲಾದವರು ಮುದ್ರಿಸಿಕೊಂಡು, 15,683 ಸಾಲುಗಳ ಪಠ್ಯವಾಗಿ 1998ರಲ್ಲಿ ಪ್ರಕಟಿಸಿದರು. ಯಾರು, ಎಲ್ಲಿ, ಎಂದು, ಯಾರ ಎದುರು ಹಾಡಿದರು ಎಂಬ ವಿವರಗಳೊಡನೆ ಆ ಕಾವ್ಯ ಉಳಿದಿದೆ. ಇದು ಆದರ್ಶ ಮಾದರಿ. ಆದರೆ ಪ್ರಕಟವಾಗದೆ, ಲಿಪ್ಯಂತರವಾಗದೆ, ಹೊರಚೀಟಿ ಮಾಸಿಹೋದ ಕ್ಯಾಸೆಟ್‌ಗಳು ಸಂಗ್ರಾಹಕರ ಮನೆಗಳಲ್ಲಿಯೂ ಸಂಸ್ಥೆಗಳ ಕಪಾಟುಗಳಲ್ಲಿಯೂ ಇರುವುದು ಕ್ಷೇತ್ರದಲ್ಲಿರುವವರಿಗೆಲ್ಲ ತಿಳಿದ ಸಂಗತಿ. ಹಾಡಿದವರು ತೀರಿಕೊಂಡಿದ್ದರೆ ಚೀಟಿಯನ್ನು ಮತ್ತೆ ಬರೆಯಬಲ್ಲವನು ಸಂಗ್ರಾಹಕ ಮಾತ್ರ. ಅವನೂ ಇಲ್ಲವಾದರೆ ಆ ಧ್ವನಿ ಅನಾಮಿಕವಾಗುತ್ತದೆ.

ಮೇನ್‌ಫ್ರೇಮ್ ಪದ್ಧತಿಯಿಂದ ಇಂಥ ಭಂಡಾರಗಳು ಪಡೆಯಬಹುದಾದದ್ದು ದುಬಾರಿ ಯಂತ್ರವನ್ನಲ್ಲ, ಶಿಸ್ತನ್ನು. ಪ್ರತಿ ಕ್ಯಾಸೆಟ್‌ಗೆ ಬದಲಾಗದ ಒಂದು ಸಂಖ್ಯೆ; ಮುದ್ರಣದ ಆರಂಭದಲ್ಲಿಯೇ ಗಾಯಕರ ಹೆಸರು, ಊರು, ದಿನಾಂಕಗಳ ಧ್ವನಿಲೇಬಲ್; ವಸ್ತುವಿನಿಂದ ಬೇರೆಯಾಗಿ ಕಾಯ್ದ ಸೂಚಿ; ಕಪಾಟು ಮತ್ತು ಸೂಚಿಗಳ ವಾರ್ಷಿಕ ತಾಳೆ; ಇನ್ನೊಂದು ಊರಿನಲ್ಲಿ ಒಂದು ಪ್ರತಿ; ಅಳಿಸುವ ಅಧಿಕಾರ ಯಾರದೆಂಬ ಲಿಖಿತ ನಿಯಮ. ಇವುಗಳಿಗೆ ಬೇಕಾಗುವುದು ಒಂದು ದಫ್ತರ ಮತ್ತು ಹೊಣೆಯರಿತ ಒಬ್ಬ ವ್ಯಕ್ತಿ. ಅನಂತರದ ಸಂಗ್ರಹದ ವೆಚ್ಚ ಇಂದು ದೊಡ್ಡದಲ್ಲ. 96 ಕಿಲೋಹರ್ಟ್ಸ್, 24 ಬಿಟ್ ಗುಣಮಟ್ಟದಲ್ಲಿ ಒಂದು ಗಂಟೆಯ ಸ್ಟೀರಿಯೊ ಧ್ವನಿಗೆ ಸುಮಾರು 2 ಗಿಗಾಬೈಟ್ ಸ್ಥಳ ಬೇಕು. ಅಂದರೆ 18 ಟೆರಾಬೈಟ್‌ನ ಒಂದೇ ಕಾರ್ಟ್ರಿಜ್‌ನಲ್ಲಿ 8,600 ಗಂಟೆಗಳಿಗೂ ಮಿಕ್ಕ ಧ್ವನಿ ಅಡಕವಾಗುತ್ತದೆ. ಅಷ್ಟೂ ಧ್ವನಿ ಒಂದೇ ಕಡೆ ಇದ್ದರೆ ಅಷ್ಟೂ ಒಮ್ಮೆಗೇ ಕಳೆಯಬಹುದು ಎಂಬುದನ್ನೂ ಮರೆಯುವಂತಿಲ್ಲ.

ಸಮಾರೋಪ

ಒಟ್ಟಾರೆಯಾಗಿ ನೋಡಿದಾಗ, ಮೇನ್‌ಫ್ರೇಮ್ ಟೇಪು ಏಳು ದಶಕಗಳಲ್ಲಿ ಲೋಹದಿಂದ ಪ್ಲಾಸ್ಟಿಕ್‌ಗೆ, ಸುರುಳಿಯಿಂದ ಕಾರ್ಟ್ರಿಜ್‌ಗೆ, ಮನುಷ್ಯನ ಕೈಯಿಂದ ಯಂತ್ರದ ಕೈಗೆ, ಕೊನೆಗೆ ಮಿಥ್ಯಾರೂಪಕ್ಕೆ ಬದಲಾಗಿದೆ. ಈ ಎಲ್ಲ ಬದಲಾವಣೆಗಳ ನಡುವೆ ಕಡತಗಳು ಉಳಿದುಬಂದದ್ದು ಯಾವುದೋ ಒಂದು ಪಟ್ಟಿ ಗಟ್ಟಿಯಾಗಿದ್ದುದರಿಂದ ಅಲ್ಲ. ಸಂಪುಟ ಸಂಖ್ಯೆ, ಲೇಬಲ್, ಸೂಚಿಗಳನ್ನು ಪ್ರತಿ ಸ್ಥಳಾಂತರದಲ್ಲಿಯೂ ಜೊತೆಗೊಯ್ದುದರಿಂದ. ಮೌಖಿಕ ಪರಂಪರೆಯಲ್ಲಿಯೂ ಕಾವ್ಯ ಉಳಿದದ್ದು ಒಬ್ಬರಿಂದ ಇನ್ನೊಬ್ಬರಿಗೆ ಸಾಗಿದ್ದರಿಂದ. ಕರ್ನಾಟಕದ ಭಂಡಾರಗಳಲ್ಲಿರುವ ಕ್ಯಾಸೆಟ್‌ಗಳ ಸೂಚಿಯನ್ನು ಸಂಗ್ರಾಹಕರು ಬದುಕಿರುವಾಗಲೇ ಸಿದ್ಧಪಡಿಸಿಕೊಳ್ಳುವುದು ವಿಶ್ವವಿದ್ಯಾಲಯಗಳು, ಅಕಾಡೆಮಿಗಳು ಹಾಗೂ ಗ್ರಂಥಾಲಯಗಳ ಮುಂದಿರುವ ತುರ್ತಿನ ಕೆಲಸ. ಅಂಕೀಕರಣವನ್ನು ಅದರ ಅನಂತರವೂ ಮಾಡಬಹುದು. ಹಾಡಿದವರ ಹೆಸರನ್ನು ಅನಂತರ ಕಂಡುಹಿಡಿಯಲಾಗದು.